ಕಡಲ ಗಾಳಿಯೂ ಕಿವಿಯೊಳಗಿನ ಸದ್ದೂ

ಚೆನ್ನೈ ನಗರದ ಉತ್ತರ ಭಾಗದಲ್ಲಿ, ಬಂಗಾಳ ಕೊಲ್ಲಿಯ ದಡದಲ್ಲಿ, ತಿರುವೊಟ್ಟಿಯೂರು ಇದೆ. ಇಲ್ಲಿಯ ತ್ರಿಪುರಸುಂದರಿಯನ್ನು ಕುರಿತು ತ್ಯಾಗರಾಜರು ಐದು ಕೃತಿಗಳನ್ನು ರಚಿಸಿದ್ದಾರೆ. ಈ ಊರಿನಲ್ಲಿರುವ ನಮ್ಮ ಹಿರಿಯ ಮಿತ್ರರೊಬ್ಬರು, ಮನೆಮಂದಿಯೆಲ್ಲ ಮಲಗಿದ ಮೇಲೆ, ಆ ಕೃತಿಗಳನ್ನು ಸ್ಥಿರವಿದ್ಯುತ್ತಿನ ಹೆಡ್‌ಫೋನಿನಲ್ಲಿ ಕೇಳುವ ಅಭ್ಯಾಸವುಳ್ಳವರು. ಮಳೆಗಾಲದ ಒಂದು ರಾತ್ರಿ ಅವರ ಎಡಗಿವಿಯಲ್ಲಿ ಹಾಡಿನೊಡನೆ ‘ಚಟಚಟ’ ಎಂಬ ಸದ್ದೂ ಕೇಳತೊಡಗಿತು. ಮರುದಿನ ಅವರು ಅದನ್ನು ಬಿಚ್ಚಲು ಸ್ಕ್ರೂಡ್ರೈವರನ್ನು ಕೈಗೆತ್ತಿಕೊಂಡಾಗ ನಾವು ಅಲ್ಲಿದ್ದೆವು, ಕೂಡಲೆ ತಡೆದೆವು. ಏಕೆ ತಡೆದೆವೆಂಬುದನ್ನು ಇಲ್ಲಿ ವಿವರಿಸುವೆವು.

ಒಣಗೂದಲನ್ನು ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವುದನ್ನು ವಿದ್ಯಾರ್ಥಿಗಳೆಲ್ಲ ನೋಡಿರುವಿರಿ. ಈ ಹೆಡ್‌ಫೋನು ನಡೆಯುವುದೂ ಅದೇ ಸೆಳೆತದಿಂದ. ಸಾಧಾರಣ ಹೆಡ್‌ಫೋನಿನಲ್ಲಿರುವ ಅಯಸ್ಕಾಂತವಾಗಲಿ ತಂತಿಯ ಸುರುಳಿಯಾಗಲಿ ಇದರಲ್ಲಿಲ್ಲ. ರಂಧ್ರಗಳುಳ್ಳ ಎರಡು ಫಲಕಗಳ ನಡುವೆ ಪ್ಲಾಸ್ಟಿಕ್ಕಿನ ಪೊರೆಯೊಂದನ್ನು ಬಿಗಿದಿರುತ್ತಾರೆ. ಅದರ ದಪ್ಪವು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗದಷ್ಟೇ. ನಮ್ಮ ತಲೆಗೂದಲು ಅದಕ್ಕಿಂತ ಹತ್ತಾರು ಪಟ್ಟು ದಪ್ಪ. ಈ ಪೊರೆಗೆ ವಿದ್ಯುದಾವೇಶವನ್ನು ತುಂಬಿರುತ್ತಾರೆ. 1960ರಲ್ಲಿ ಇಂತಹ ಹೆಡ್‌ಫೋನನ್ನು ಮಾರಾಟಕ್ಕೆ ತಂದ ಜಪಾನಿನ ಸ್ಟ್ಯಾಕ್ಸ್ ಸಂಸ್ಥೆಯ ಹಳೆಯ ಮಾದರಿಗಳಲ್ಲಿ ಆವೇಶದ ಒತ್ತಡ 230 ವೋಲ್ಟು; ಅನಂತರದವುಗಳಲ್ಲಿ 580 ವೋಲ್ಟು. ಹಾಡಿನ ವಿದ್ಯುತ್ಸಂಕೇತವು ಫಲಕಗಳಿಗೆ ಬಂದಾಗ ಒಂದು ಫಲಕ ಪೊರೆಯನ್ನು ಸೆಳೆಯುವುದು, ಇನ್ನೊಂದು ನೂಕುವುದು. ಪೊರೆ ಕಂಪಿಸಿ ನಾದ ಹುಟ್ಟುವುದು.

ಇಷ್ಟು ತಿಳಿದರೆ ಬಿಚ್ಚುವುದರ ಅಪಾಯವೂ ತಿಳಿಯುವುದು. ಬೆರಳು ತಗುಲಿದರೆ ಪೊರೆ ಹರಿಯಬಹುದು. ಅದಕ್ಕೆ ವಿದ್ಯುತ್ತನ್ನೊದಗಿಸುವ ಆಂಪ್ಲಿಫೈಯರಿನೊಳಗೆ, ಸ್ವಿಚ್ಚನ್ನು ಆರಿಸಿದ ಮೇಲೂ, ಪ್ರಾಣಾಪಾಯವನ್ನುಂಟುಮಾಡುವಷ್ಟು ಆವೇಶ ಉಳಿದಿರಬಹುದು. ಆದುದರಿಂದ ಮೊದಲು ಕಿವಿಯಿಂದಲೇ ಪರೀಕ್ಷೆ ನಡೆಸತಕ್ಕದ್ದು.

ಸದ್ದುಗಳಲ್ಲಿ ಬಗೆಗಳುಂಟು. ಹೆಡ್‌ಫೋನನ್ನು ಕಿವಿಗೆ ಒತ್ತಿದಾಗ ಮಾತ್ರ ‘ಪರ್’ ಎಂದರೆ, ಒಳಗಿನ ಗಾಳಿಯ ಒತ್ತಡಕ್ಕೆ ಪೊರೆ ಬಾಗಿತೆಂದು ಅರ್ಥ. ಕೈ ತೆಗೆದರೆ ಸದ್ದು ನಿಲ್ಲುವುದು, ಇದು ದೋಷವಲ್ಲ. ಹಾಡಿಲ್ಲದಿರುವಾಗಲೂ ‘ಗುಂಯ್’ ಎಂಬ ಒಂದೇ ಶ್ರುತಿ ಕೇಳಿದರೆ, ಅದು ಹೆಚ್ಚಾಗಿ ಮನೆಯ 50 ಹರ್ಟ್ಸಿನ ವಿದ್ಯುತ್ತಿನಿಂದ ಬಂದದ್ದು. ಆಗ ಆಂಪ್ಲಿಫೈಯರನ್ನೂ ಅದರ ಭೂಸಂಪರ್ಕವನ್ನೂ ಶಂಕಿಸಬೇಕು. ‘ಚಟಚಟ’ ಎಂದರೆ ಧೂಳೋ ಕೂದಲೋ ತೇವವೋ ಸೇರಿ, ಆವೇಶವು ಸೋರಿಹೋಗುತ್ತಿರಬಹುದು.

ಮಿತ್ರರ ಹೆಡ್‌ಫೋನಿನಲ್ಲಿದ್ದುದು ಕೊನೆಯ ಸದ್ದು. ಹಾಡು ಬರುವ ಎಡಬಲದ ತಂತಿಗಳನ್ನು ಆಂಪ್ಲಿಫೈಯರಿನ ಹಿಂಬದಿಯಲ್ಲಿ ಅದಲುಬದಲು ಮಾಡಿದೆವು. ಸದ್ದು ಬಲಗಿವಿಗೆ ಹೋಗಿದ್ದರೆ ದೋಷವು ಹಾಡಿನ ಮೂಲದಲ್ಲೋ ಆ ತಂತಿಯಲ್ಲೋ ಇರುತ್ತಿತ್ತು. ಅದು ಎಡಗಿವಿಯಲ್ಲೇ ಉಳಿಯಿತು. ಅವರಲ್ಲಿದ್ದ ಇನ್ನೊಂದು ಅದೇ ಜಾತಿಯ ಹೆಡ್‌ಫೋನನ್ನು ಜೋಡಿಸಿದೆವು, ಸದ್ದು ಇಲ್ಲ. ಆಂಪ್ಲಿಫೈಯರೂ ನಿರ್ದೋಷಿ! ಉಳಿದದ್ದು ಆ ಎಡಗಿವಿಯ ಭಾಗವೊಂದೇ.

ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ. ಆಗ ಗಾಳಿಯ ಸಾಪೇಕ್ಷ ಆರ್ದ್ರತೆ ಅನೇಕ ದಿನ ಶೇಕಡಾ 80ನ್ನು ಮೀರುವುದು. ಅಂತಹ ದಿನ ಬಾಚಣಿಗೆಯ ಪ್ರಯೋಗವೂ ಸಫಲವಾಗದು. ಏಕೆಂದರೆ ತೇವದ ತೆಳುಪದರದ ಮೂಲಕ ಆವೇಶ ಹರಿದುಹೋಗುತ್ತದೆ. ಕಡಲ ದಡದಲ್ಲಿ ಉಪ್ಪೂ ಸೇರಿಕೊಂಡು ಆ ದಾರಿಯನ್ನು ಇನ್ನಷ್ಟು ಸುಗಮಗೊಳಿಸುವುದು. ಹೆಡ್‌ಫೋನಿನಲ್ಲಿಯೂ ಹೀಗೆಯೇ ಆಗಿರಬೇಕೆಂದು ಊಹಿಸಿ, ಅದನ್ನು ಕಳಚಿ, ಹೊಸ ಪಾದರಕ್ಷೆಗಳ ಪೆಟ್ಟಿಗೆಯಲ್ಲಿ ಬರುವಂತಹ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಎರಡು ದಿನ ಇರಿಸಿದೆವು. ಬಿಸಿಲಿಗಾಗಲಿ ಬಿಸಿಗಾಳಿಗಾಗಲಿ ಒಡ್ಡಲಿಲ್ಲ. ಪೊರೆ ಕೆಟ್ಟೀತೆಂಬ ಭಯ.

ಮೂರನೆಯ ರಾತ್ರಿ ಮಿತ್ರರು ಹಾಡು ಮುಗಿಯುವವರೆಗೆ ಮಾತಾಡಲಿಲ್ಲ. ಬಳಿಕ ಹೆಡ್‌ಫೋನನ್ನು ತಾವಾಗಿಯೇ ಡಬ್ಬಿಯಲ್ಲಿರಿಸಿ ಮುಚ್ಚಳ ಹಾಕಿದರು.

ಯಂತ್ರದ ಅಪಸ್ವರವೂ ಒಂದು ಮಾತೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಕಿವಿಗೊಟ್ಟು ಕೇಳಿದರೆ, ಅದು ತನ್ನ ರೋಗವನ್ನು ತಾನೇ ಹೇಳುವುದು. ಇದನ್ನು ಕಲಿಯಲು ಬೆಲೆಬಾಳುವ ಹೆಡ್‌ಫೋನು ಬೇಕಾಗಿಲ್ಲ. ನಿಮ್ಮ ಮನೆಯ ರೇಡಿಯೋ ಸಾಕು.