ತಂದೆ ತೀರಿಹೋದ ಮೊಮ್ಮಕ್ಕಳಿಗೆ ಪಾಲು: ಬದುಕಿರುವಾಗಲೇ ಬರೆದಿಡೋಣ

ಮಗ ಗಲ್ಫ್‌ನಲ್ಲಿ ದುಡಿದು ಕಳಿಸಿದ ಹಣದಲ್ಲಿ ಊರಲ್ಲಿ ಮನೆ ಏಳುತ್ತದೆ. ಜಾಗದ ದಾಖಲೆ ಮಾತ್ರ ತಂದೆಯ ಹೆಸರಲ್ಲೇ ಇರುತ್ತದೆ. ಮಗ ಮೊದಲು ತೀರಿಕೊಂಡು, ಆಮೇಲೆ ತಂದೆಯೂ ಅಲ್ಲಾಹನ ಕರೆಗೆ ಓಗೊಟ್ಟರೆ, ಮಗನ ಮಕ್ಕಳಿಗೆ ಆ ಮನೆಯಲ್ಲಿ ಎಷ್ಟು ಪಾಲು? ಅಜ್ಜನ ಬೇರೆ ಗಂಡುಮಕ್ಕಳು ಬದುಕಿದ್ದರೆ, ಏನೂ ಇಲ್ಲ. ನಮ್ಮಲ್ಲಿ ಎಷ್ಟೋ ಜನರಿಗೆ ಇದು ಗೊತ್ತಾಗುವುದು ಪಾಲು ಮಾಡಲು ಕುಳಿತಾಗಲೇ.

ಒಂದು ಲೆಕ್ಕ ನೋಡೋಣ. ಅಜ್ಜ ಬಿಟ್ಟು ಹೋದದ್ದು 48 ಲಕ್ಷ ರೂಪಾಯಿಯ ಆಸ್ತಿ ಅಂತಿಟ್ಟುಕೊಳ್ಳಿ. ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಸೂರಃ ಅನ್ನಿಸಾದ 11 ಮತ್ತು 12ನೇ ವಚನಗಳ ಪ್ರಕಾರ ಪತ್ನಿಗೆ ಎಂಟನೇ ಒಂದು, ಅಂದರೆ 6 ಲಕ್ಷ. ಉಳಿದದ್ದರಲ್ಲಿ ಗಂಡುಮಕ್ಕಳಿಗೆ ತಲಾ 14, ಹೆಣ್ಣುಮಕ್ಕಳಿಗೆ ತಲಾ 7 ಲಕ್ಷ. ಮೊದಲೇ ತೀರಿಹೋದ ಮಗನ ಮಕ್ಕಳ ಹೆಸರು ಈ ಪಟ್ಟಿಯಲ್ಲಿ ಇಲ್ಲ.

ಹಾಗಾದರೆ ಶರೀಅತ್ ಯತೀಮರ ಕೈಬಿಟ್ಟಿತೇ? ಇಲ್ಲ. ದಾರಿ ತೆರೆದೇ ಇದೆ. ಆ ದಾರಿ ಹಿಡಿಯಬೇಕಾದವರು ಅಜ್ಜ, ಅದೂ ಬದುಕಿರುವಾಗಲೇ.

ವಸಿಯ್ಯತ್

ವಾರೀಸುದಾರರಿಗೆ ವಸಿಯ್ಯತ್ ಮಾಡಿದರೆ ಉಳಿದ ವಾರೀಸುದಾರರು ಒಪ್ಪಬೇಕು. ಆದರೆ ಇಲ್ಲಿ ಮೊಮ್ಮಕ್ಕಳು ವಾರೀಸುದಾರರಲ್ಲ, ಸೊಸೆಯೂ ಅಲ್ಲ. ಹಾಗಾಗಿ ಆಸ್ತಿಯ ಮೂರನೇ ಒಂದರವರೆಗೆ ಯಾರ ಒಪ್ಪಿಗೆಯೂ ಇಲ್ಲದೆ ಅವರಿಗೆ ಬರೆಯಬಹುದು. ಮೇಲಿನ ಲೆಕ್ಕದಲ್ಲಿ 16 ಲಕ್ಷದವರೆಗೆ. ಮೊದಲು ದಫನದ ಖರ್ಚು, ಮಹರ್ ಬಾಕಿ ಸೇರಿದಂತೆ ಸಾಲಗಳು ತೀರಬೇಕು. ಆಮೇಲೆ ವಸಿಯ್ಯತ್, ಕೊನೆಗೆ ಪಾಲು. ವಸಿಯ್ಯತ್‌ಗೆ ನೋಂದಣಿ ಕಡ್ಡಾಯವಲ್ಲ. ಆದರೂ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ನಾಳೆ ಜಗಳಕ್ಕೆ ಎಡೆ ಕಡಿಮೆ.

ಈಜಿಪ್ಟ್‌ನಲ್ಲಿ 1946ರ ಕಾಯ್ದೆಯೇ ಇಂಥ ಮೊಮ್ಮಕ್ಕಳಿಗೆ ಮೂರನೇ ಒಂದರ ಮಿತಿಯೊಳಗೆ ವಸಿಯ್ಯತ್ ಕಡ್ಡಾಯ ಮಾಡಿದೆ. ನಮ್ಮ ದೇಶದಲ್ಲಿ ಅಂಥ ಕಾನೂನಿಲ್ಲ. ಅಜ್ಜ ಬರೆಯದಿದ್ದರೆ ಇಲ್ಲ, ಅಷ್ಟೇ.

ಹಿಬಾ ಮತ್ತು ಟ್ರಸ್ಟ್

ಬದುಕಿರುವಾಗಲೇ ಕೊಡುವುದು ಹಿಬಾ. ಕೊಟ್ಟೆ ಎಂಬ ಮಾತು, ಪಡೆದೆ ಎಂಬ ಒಪ್ಪಿಗೆ, ಸ್ವಾಧೀನ ಬಿಟ್ಟುಕೊಡುವುದು, ಈ ಮೂರೂ ಬೇಕು. ಕಾಗದ ಮಾಡಿ ಮನೆಯ ಬೀಗ, ಬಾಡಿಗೆ ಎಲ್ಲ ತಮ್ಮಲ್ಲೇ ಇಟ್ಟುಕೊಂಡರೆ ಆಮೇಲೆ ತಕರಾರು ಬರುತ್ತದೆ. ಸಾವಿನ ಕಾಯಿಲೆಯಲ್ಲಿ ಮಾಡಿದ ಹಿಬಾಕ್ಕೂ ಮೂರನೇ ಒಂದರ ಮಿತಿಯೇ. ಆದ್ದರಿಂದ ಆರೋಗ್ಯ ಇರುವಾಗಲೇ ಮಾಡ್ಬೇಕು.

ಮಕ್ಕಳು ತೀರಾ ಚಿಕ್ಕವರಾದರೆ 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಬಹುದು. ಜಾಗ, ಕಟ್ಟಡವಾದರೆ ಪತ್ರ ನೋಂದಣಿ ಆಗಲೇಬೇಕು. ಬಾಡಿಗೆ ಹಣ ಮಕ್ಕಳ ಓದಿಗೆ, ಇಂಥ ವಯಸ್ಸಾದ ಮೇಲೆ ಆಸ್ತಿ ಅವರ ಕೈಗೆ ಅಂತ ಅದರಲ್ಲಿ ಬರೆಯಬಹುದು. ಟ್ರಸ್ಟಿಗಳು ಅದನ್ನು ತಮ್ಮದೆಂದು ಬಳಸುವಂತಿಲ್ಲ. ಬುದ್ಧಿಮಾಂದ್ಯ ಮಗು ಇರುವ ಮನೆಗೂ ಇದು ಆಸರೆ. ವಕ್ಫ್ ಅಲಲ್ ಔಲಾದ್ ಬೇರೆಯೇ ದಾರಿ. ಮಾಡಿದ ಮೇಲೆ ಹಿಂದೆಗೆಯಲಾಗದು. 2025ರ ತಿದ್ದುಪಡಿಯ ಪ್ರಕಾರ ಅದರಿಂದ ಹೆಣ್ಣುಮಕ್ಕಳೂ ಸೇರಿದಂತೆ ವಾರೀಸುದಾರರ ಹಕ್ಕು ತಪ್ಪುವಂತಿಲ್ಲ.

ಎರಡು ಮಾತು ನೆನಪಿರಲಿ. ಬ್ಯಾಂಕಿನ ನಾಮಿನಿ ಹಣ ಪಡೆಯುವವರು ಮಾತ್ರ, ಮಾಲೀಕರಲ್ಲ. ಗಲ್ಫ್‌ನಲ್ಲಿರುವ ಮಗ ತನ್ನ ದುಡಿಮೆಯ ಜಾಗವನ್ನು ತನ್ನ ಹೆಸರಲ್ಲೇ ಮಾಡಿಸಿಕೊಂಡರೆ ಅದು ತಂದೆಗೆ ಅಗೌರವವಲ್ಲ. ಅದರಲ್ಲಿ ತಂದೆ ತಾಯಿಗೂ ತಲಾ ಆರನೇ ಒಂದು ಪಾಲಿದೆ, ಉಳಿದದ್ದು ಹೆಂಡತಿ ಮಕ್ಕಳದ್ದು.

ವಸಿಯ್ಯತ್ ಮಾಡಲು ಏನಾದರೂ ಇರುವವನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ನಮ್ಮಲ್ಲಿ ಎಷ್ಟು ವರ್ಷ ಕಳೆದವು? ಖಾಝಿಯವರನ್ನೋ ಉಸ್ತಾದರನ್ನೋ ಕೇಳಿ, ಒಬ್ಬ ವಕೀಲರಿಂದ ಬರೆಸಿ. ಮನೆಯವರೆಲ್ಲರ ಎದುರು ಓದಿ ಹೇಳಿ. ಅಜ್ಜ ಇರುವಾಗ ಮಡಿಲಲ್ಲಿ ಕೂತ ಮಕ್ಕಳು, ಅಜ್ಜ ಹೋದ ಮೇಲೆ ಅದೇ ಮನೆಯ ಅಂಗಳದಲ್ಲಿ ಪರಕೀಯರಾಗದಿರಲಿ.