ಶಾಸನಸಭೆಯ ಮುದತು ಯಾರ ಸೊತ್ತು?

ಶಾಸನಸಭೆಗಳ ವಿಷಯವಾಗಿ ನಮ್ಮಲ್ಲಿ ನಡೆಯುವ ಚರ್ಚೆಯು ಬಹುಮಟ್ಟಿಗೆ ಯಾರು ಆರಿಸಿ ಬಂದರು, ಯಾರು ಮಂತ್ರಿಗಳಾದರು ಎಂಬಲ್ಲಿಗೇ ನಿಂತುಬಿಡುವುದು. ಆರಿಸಿ ಬಂದವರು ಎಷ್ಟು ಕಾಲ ಆ ಸ್ಥಾನದಲ್ಲಿರತಕ್ಕದ್ದು, ಆ ಕಾಲವನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಅಧಿಕಾರವು ಯಾರಿಗೆ ಸೇರಿದುದು ಎಂಬ ಪ್ರಶ್ನೆಯನ್ನು ಕಾಯಿದೆ ಪಂಡಿತರಿಗೆ ಬಿಟ್ಟು ನಾವು ನಿಶ್ಚಿಂತರಾಗಿರುವೆವು. ಇದು ಸರಿಯಲ್ಲ. ಸದಸ್ಯನ ಆಯ್ಕೆಯಷ್ಟೇ ಅವನ ಮುದತೂ ಮಹತ್ವದ್ದು. ಮುಂಬಯಿ ಪ್ರಾಂತದ ಶಾಸನಸಭೆಯ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿರುವುದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಜನರು ಆ ಸಭೆಗೆ ಪ್ರತಿನಿಧಿಗಳನ್ನು ಕಳಿಸುತ್ತಿದ್ದುದರಿಂದ ಅದು ಕನ್ನಡಿಗರಿಗೆ ಪರರ ಮನೆಯ ಕಥೆಯೂ ಅಲ್ಲ.

1935ರ ಹಿಂದುಸ್ಥಾನ ಸರಕಾರದ ಕಾಯಿದೆಯು ಮುಂಬಯಿ ಪ್ರಾಂತಕ್ಕೆ ಎರಡು ಸಭೆಗಳನ್ನು ಗೊತ್ತುಪಡಿಸಿತು. ಕೆಳಗಿನ ಸಭೆಯಾದ ಅಸೆಂಬ್ಲಿಗೆ 175 ಸದಸ್ಯರು. ಇವುಗಳಲ್ಲಿ 114 ಸ್ಥಾನಗಳು ಸಾಮಾನ್ಯ ಕ್ಷೇತ್ರಗಳವು. ಅವುಗಳೊಳಗೇ 15 ಪರಿಶಿಷ್ಟ ಜಾತಿಗಳಿಗೂ 7 ಮರಾಠರಿಗೂ ಕಾದಿಡಲ್ಪಟ್ಟಿದ್ದವು. ಮುಸಲ್ಮಾನರಿಗೆ 29, ಸ್ತ್ರೀಯರಿಗೆ 6, ವ್ಯಾಪಾರೋದ್ಯಮಿಗಳಿಗೆ 7, ಕಾರ್ಮಿಕರಿಗೆ 7, ಯುರೋಪಿಯನ್ನರಿಗೆ 3, ಹೀಗೆ ಉಳಿದ ಸ್ಥಾನಗಳು ಹಂಚಿಹೋಗಿದ್ದವು. ಮೇಲಿನ ಸಭೆಯಾದ ಕೌನ್ಸಿಲಿಗೆ 29 ಅಥವಾ 30 ಜನ. ಅದಕ್ಕೆ ವಿಸರ್ಜನೆಯೇ ಇಲ್ಲ. ಮೂರು ವರ್ಷಗಳಿಗೊಮ್ಮೆ ಮೂರರಲ್ಲಿ ಒಂದು ಪಾಲು ಸದಸ್ಯರು ನಿವೃತ್ತರಾಗತಕ್ಕದ್ದು. ಅಸೆಂಬ್ಲಿಯ ಮುದತು ಮಾತ್ರ ಮೊದಲನೆಯ ಸಭೆಯ ದಿನದಿಂದ ಐದು ವರ್ಷ. ಅದು ಮುಗಿದೊಡನೆ ಸಭೆಯು ತಾನಾಗಿಯೇ ವಿಸರ್ಜಿತವಾಗಬೇಕೆಂದು ಕಾಯಿದೆಯು ಸ್ಪಷ್ಟವಾಗಿ ಹೇಳಿತ್ತು.

1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು 86 ಸ್ಥಾನಗಳನ್ನು ಗೆದ್ದಿತು. ಬಹುಮತಕ್ಕೆ ಎರಡೇ ಕಡಿಮೆ. ಜುಲೈ ತಿಂಗಳಲ್ಲಿ ಶ್ರೀ ಬಾಳಾಸಾಹೇಬ ಖೇರರ ಮಂತ್ರಿಮಂಡಲವು ಅಧಿಕಾರ ವಹಿಸಿತು. ಶ್ರೀ ಮಾವಳಂಕರರು ಸಭಾಧ್ಯಕ್ಷರಾದರು. ಕರ್ನಾಟಕವು ಪ್ರತ್ಯೇಕ ಪ್ರಾಂತವಾಗಬೇಕೆಂಬ ಗೊತ್ತುವಳಿಯನ್ನು 1938ರಲ್ಲಿ ಈ ಸಭೆಯೇ ಸ್ವೀಕರಿಸಿತು. ಬೇಸಾಯಗಾರರ ಸಾಲಪರಿಹಾರದ ಕಾಯಿದೆ, ಗೇಣಿದಾರರ ಕಾಯಿದೆ ಇವೆರಡೂ 1939ರವು. ರೈತನ ಮನೆಯ ಬಾಗಿಲಿಗೆ ಮುಟ್ಟುವ ಕೆಲಸಗಳು ಈಗತಾನೇ ಆರಂಭವಾಗಿದ್ದವು.

ಅಷ್ಟರಲ್ಲಿ ಯುದ್ಧ ಬಂದಿತು. ಹಿಂದುಸ್ಥಾನದ ಜನರನ್ನು ಒಂದು ಮಾತೂ ಕೇಳದೆ ವೈಸರಾಯರು ದೇಶವನ್ನು ಯುದ್ಧಕ್ಕೆ ಸೇರಿಸಿದರು. ಮಂತ್ರಿಮಂಡಲವು 1939ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟಿತು. ಗವರ್ನರರು 93ನೆಯ ಕಲಮಿನ ಮೇರೆಗೆ ಸರಕಾರದ ಅಧಿಕಾರವನ್ನೂ ಶಾಸನಸಭೆಯ ಅಧಿಕಾರವನ್ನೂ ತಮ್ಮ ಕೈಗೇ ತೆಗೆದುಕೊಂಡರು. ಸಭೆಯನ್ನು ವಿಸರ್ಜಿಸಲಿಲ್ಲ, ಕೂಡಿಸಲೂ ಇಲ್ಲ. 1942ರಲ್ಲಿ ಅದರ ಐದು ವರ್ಷ ತುಂಬಬೇಕಾಗಿದ್ದಿತು. ಆದರೆ ಬ್ರಿಟಿಷ್ ಪಾರ್ಲಿಮೆಂಟು 1941ರಲ್ಲಿಯೇ ಚುನಾವಣೆಗಳನ್ನು ಮುಂದೂಡುವ ಕಾಯಿದೆಯೊಂದನ್ನು ಮಾಡಿ ಆ ಮುದತನ್ನು ಹಿಗ್ಗಿಸಲು ದಾರಿ ಮಾಡಿಕೊಟ್ಟಿತು. ಹೊಸ ಚುನಾವಣೆ ನಡೆದುದು 1946ರ ಆರಂಭದಲ್ಲಿ.

ವಾಚಕರು ಈ ಲೆಕ್ಕವನ್ನು ನೋಡಬೇಕು. ಸಭೆಯು ಕಾಗದದ ಮೇಲೆ ಜೀವಿಸಿದುದು ಎಂಟು ವರ್ಷಕ್ಕೂ ಹೆಚ್ಚು. ಕೆಲಸ ಮಾಡಿದುದು ಎರಡೂಕಾಲು ವರ್ಷ. ಗೇಣಿದಾರರ ಕಾಯಿದೆಯು ಮೊದಲು ಜಾರಿಗೆ ಬಂದ ಕೆಲವು ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಜಾರಿಗೆ ಬಂದುದು 1941ರಲ್ಲಿ. ಆಗ ಗೇಣಿದಾರನಿಗೆ ಅನ್ಯಾಯವಾದರೆ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವ ಪ್ರತಿನಿಧಿಯೇ ಇರಲಿಲ್ಲ. ಆ ಕಾಲದಲ್ಲಿ ಮತದಾನಕ್ಕೆ ಆಸ್ತಿ, ತೆರಿಗೆ, ವಿದ್ಯೆ ಮೊದಲಾದ ಅರ್ಹತೆಗಳ ಜತೆಗೆ 21 ವರ್ಷ ತುಂಬಿರಬೇಕಾಗಿದ್ದಿತು. 1938ರಲ್ಲಿ ಆ ವಯಸ್ಸಿಗೆ ಬಂದ ತರುಣನು ತನ್ನ ಮೊದಲ ಮತವನ್ನು ಹಾಕುವಷ್ಟರಲ್ಲಿ 29 ವರ್ಷದವನಾಗಿದ್ದನು. ಮುದತು ಹಿಗ್ಗಿದುದರಿಂದ ಅವನಿಗಾದ ನಷ್ಟವನ್ನು ತುಂಬಿಕೊಡುವವರು ಯಾರು?

ಇದು ಪರಕೀಯ ಆಳ್ವಿಕೆಯ ದೋಷ, ಸ್ವರಾಜ್ಯದಲ್ಲಿ ಇದಕ್ಕೆ ಎಡೆಯಿಲ್ಲವೆಂದು ಹೇಳುವಂತಿದ್ದರೆ ನಮಗೆ ಸಂತೋಷವಾಗುತ್ತಿದ್ದಿತು. ಆದರೆ ಹಾಗೆ ಹೇಳುವಂತಿಲ್ಲ. ನಮ್ಮ ಸಂವಿಧಾನದ 172ನೆಯ ಅನುಚ್ಛೇದವೂ ವಿಧಾನಸಭೆಗೆ ಐದು ವರ್ಷವನ್ನೇ ಗೊತ್ತುಮಾಡಿರುವುದು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, 42ನೆಯ ತಿದ್ದುಪಡಿಯು ಅದನ್ನು ಆರು ವರ್ಷ ಮಾಡಿತು. 1972ರ ಮಾರ್ಚಿನಲ್ಲಿ ಆರಂಭವಾದ ಕರ್ನಾಟಕ ವಿಧಾನಸಭೆಯು ಇದರ ಬಲದಿಂದ ಐದು ವರ್ಷ ತುಂಬಿದ ಮೇಲೂ ಉಳಿದು, 1977ರ ಡಿಸೆಂಬರ್ ಕೊನೆಯಲ್ಲಿ ವಿಸರ್ಜಿತವಾಯಿತು. ತಮಗೆ ಐದು ವರ್ಷಕ್ಕೆಂದು ಅಧಿಕಾರ ಕೊಟ್ಟ ಜನರನ್ನು ಕೇಳದೆ ಪ್ರತಿನಿಧಿಗಳೇ ಆರನೆಯ ವರ್ಷವನ್ನು ಬರೆದುಕೊಂಡರು. 44ನೆಯ ತಿದ್ದುಪಡಿಯು ಈ ತಪ್ಪನ್ನು ತಿದ್ದಿತೆಂಬುದು ಸಮಾಧಾನದ ಸಂಗತಿ.

ಹಿಗ್ಗಿಸುವುದು ಎಷ್ಟು ತಪ್ಪೋ ಕುಗ್ಗಿಸುವುದೂ ಅಷ್ಟೇ ವಿಚಾರಾರ್ಹವಾದುದು. 2024ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾದ 129ನೆಯ ತಿದ್ದುಪಡಿಯ ಮಸೂದೆಯು ಲೋಕಸಭೆ, ವಿಧಾನಸಭೆಗಳ ಚುನಾವಣೆಗಳನ್ನು ಏಕಕಾಲಕ್ಕೆ ನಡೆಸುವ ಉದ್ದೇಶವುಳ್ಳದ್ದು. ಅದರ ಮೇರೆಗೆ ವಿಧಾನಸಭೆಯೊಂದು ನಡುವೆ ವಿಸರ್ಜಿತವಾದರೆ, ಹೊಸದಾಗಿ ಆರಿಸಲ್ಪಟ್ಟ ಸಭೆಗೆ ಹಳೆಯದರ ಉಳಿದ ಅವಧಿಯಷ್ಟೇ ದೊರೆಯುವುದು. ಪದೇ ಪದೇ ಚುನಾವಣೆಗಳಿಂದ ಖರ್ಚು ಹೆಚ್ಚುವುದು, ನೀತಿಸಂಹಿತೆಯಿಂದ ಸರಕಾರದ ಕೆಲಸಗಳು ನಿಲ್ಲುವುವು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಕಚೇರಿಗಳಲ್ಲಿರುವವರು ಅದನ್ನು ಅನುಭವದಿಂದಲೇ ಬಲ್ಲರು. ಆದರೆ ಒಂದೂವರೆ ವರ್ಷಕ್ಕೆಂದು ಆರಿಸಿ ಬಂದ ಸಭೆಯು ಏನನ್ನು ಆರಂಭಿಸೀತು, ಏನನ್ನು ಮುಗಿಸೀತು? ಖೇರರ ಸರಕಾರಕ್ಕೆ ಗೇಣಿದಾರರ ಕಾಯಿದೆಯ ತನಕ ಬರಲು ಎರಡು ವರ್ಷ ಬೇಕಾದುವು. ಖರ್ಚಿನ ಲೆಕ್ಕದ ಜತೆಗೆ ಈ ಲೆಕ್ಕವನ್ನೂ ಇಡಬೇಕೆಂದು ನಮ್ಮ ಆಗ್ರಹ.

ನಡುವೆ ವಿಸರ್ಜನೆಯೇ ಕೂಡದೆಂದು ನಾವು ಹೇಳುವುದಿಲ್ಲ. ಬಹುಮತ ಮುರಿದಾಗ ಜನರ ಬಳಿಗೆ ಹೋಗುವುದೇ ನ್ಯಾಯ. ಅಲ್ಲಿ ಮತದಾರನನ್ನು ಕೇಳಿದಂತಾಗುವುದು. ಅವನನ್ನು ಕೇಳದೆ ಮುದತನ್ನು ಎಳೆಯುವುದು, ಕೇಳಿಯೂ ಅರೆ ಮುದತಿನ ಅಧಿಕಾರವನ್ನಷ್ಟೇ ಅವನಿಂದ ಪಡೆಯುವುದು, ಇವೆರಡೂ ನಮಗೆ ಒಪ್ಪಿಗೆಯಿಲ್ಲ.

ಇನ್ನು ಮುದತಿನೊಳಗಿನ ಆಲಸ್ಯದ ಮಾತು. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದೆಂದು ಸಂವಿಧಾನವು ಹೇಳುವುದೇ ಹೊರತು ವರ್ಷಕ್ಕೆ ಎಷ್ಟು ದಿನ ಕೂಡಬೇಕೆಂದು ಹೇಳುವುದಿಲ್ಲ. ಕರ್ನಾಟಕವು 2005ರಲ್ಲಿ ವರ್ಷಕ್ಕೆ ಕನಿಷ್ಠ 60 ದಿನ ಕೂಡತಕ್ಕದ್ದೆಂದು ತಾನೇ ಕಾಯಿದೆ ಮಾಡಿಕೊಂಡಿತು; ಅನೇಕ ವರ್ಷಗಳಲ್ಲಿ ಅದನ್ನು ಪಾಲಿಸಿಲ್ಲ. 1939ರ ಮುಂಬಯಿ ಸಭೆಯ ಬಾಗಿಲನ್ನು ಗವರ್ನರರು ಮುಚ್ಚಿದರು. ಇಂದಿನ ಸಭೆಯ ಬಾಗಿಲು ತೆರೆದೇ ಇರುವುದು. ಒಳಗೆ ಕೂಡಬೇಕಾದವರು ಕೂಡದಿದ್ದರೆ ದೂರುವುದು ಯಾರನ್ನು?

ಮುದತು ಸದಸ್ಯನ ಸೊತ್ತಲ್ಲ, ಸರಕಾರದ ಸೊತ್ತಲ್ಲ, ಮತದಾರನದು. ಮುಂದಿನ ಸಲ ಸದಸ್ಯರು ಊರಿಗೆ ಬಂದಾಗ ರಸ್ತೆ, ಚರಂಡಿಗಳ ಅಹವಾಲಿನ ಜತೆಗೆ ಈ ವರ್ಷ ಸಭೆಯು ಎಷ್ಟು ದಿನ ಕೂಡಿತು, ತಾವು ಎಷ್ಟು ದಿನ ಹಾಜರಿದ್ದಿರಿ, ಮುದತಿನ ಮಸೂದೆಯ ವಿಷಯದಲ್ಲಿ ತಮ್ಮ ಅಭಿಪ್ರಾಯವೇನು ಎಂಬ ಮೂರು ಪ್ರಶ್ನೆಗಳನ್ನು ನಮ್ಮ ವಾಚಕರು ಮರೆಯದೆ ಕೇಳಬೇಕೆಂದು ನಾವು ಸೂಚಿಸುತ್ತೇವೆ.