ವಿಲ್ಹೆಲ್ಮ್ ಮಾರ್: ಭಾಷಾವರ್ಗದ ಹೆಸರು ದ್ವೇಷದ ಪರಿಭಾಷೆಯಾದ ಬಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪರಿಸರದ ಭಾಷಾಸ್ಥಿತಿಯನ್ನು ಗಮನಿಸಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲ್ಲಿನ ಬಹುಜನರ ಕನ್ನಡವೂ ಗಂಗಾವತಿ ಭಾಗದ ನೀರಾವರಿ ಕ್ಯಾಂಪುಗಳ ತೆಲುಗೂ ದ್ರಾವಿಡ ಭಾಷಾವರ್ಗಕ್ಕೆ ಸೇರಿವೆ. ಮುಸ್ಲಿಮರ ಮನೆಗಳ ದಖನಿ ಉರ್ದುವೂ ತಾಂಡಾಗಳ ಲಂಬಾಣಿಯೂ ಇಂಡೋ-ಆರ್ಯನ್ ವರ್ಗದವು. ಇಲ್ಲಿನ ರೈತ ದಿನನಿತ್ಯ ಬಳಸುವ ಹಕ್ಕು, ತಕರಾರು, ವಕೀಲ, ಹುಕುಂ, ಫಸಲು ಮೊದಲಾದ ಪದಗಳ ಮೂಲ ಅರಬ್ಬಿ. ಅರಬ್ಬಿಯು ಸೆಮಿಟಿಕ್ ವರ್ಗದ ಭಾಷೆ. ಮೊಹರಮ್ ಸಂದರ್ಭದ ರಿವಾಯತ್ ಪದಗಳು ಕನ್ನಡದಲ್ಲಿವೆ. ಅವುಗಳನ್ನು ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. ಅಂದರೆ ಒಬ್ಬ ವ್ಯಕ್ತಿಯ ಮಾತಿನಿಂದ ಅವನ ಧರ್ಮವನ್ನಾಗಲಿ ರಕ್ತಸಂಬಂಧವನ್ನಾಗಲಿ ನಿರ್ಧರಿಸಲು ಬರುವುದಿಲ್ಲ. ಭಾಷೆ ಕಲಿಕೆಯಿಂದ ಬರುವಂಥದು, ಹುಟ್ಟಿನಿಂದ ಬರುವಂಥದಲ್ಲ.

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಈ ಸರಳ ವಿವೇಕವನ್ನು ಬುದ್ಧಿಪೂರ್ವಕವಾಗಿ ಬದಿಗೆ ಸರಿಸಲಾಯಿತು. ಭಾಷಾವಿಜ್ಞಾನದ ಒಂದು ಪರಿಭಾಷೆಯನ್ನು ಜನಸಮುದಾಯವೊಂದರ ರಕ್ತಕ್ಕೆ ಅಂಟಿಸಿ, ಅದರ ಸುತ್ತ ಒಂದು ರಾಜಕಾರಣವನ್ನೇ ಕಟ್ಟಲಾಯಿತು. ಈ ಕಾರ್ಯದಲ್ಲಿ ಮುಂಚೂಣಿಯಲ್ಲಿದ್ದವನು ವಿಲ್ಹೆಲ್ಮ್ ಮಾರ್ ಎಂಬ ಪತ್ರಕರ್ತ. ಅವನ ಬದುಕನ್ನೂ ಅವನು ಬಳಕೆಗೆ ತಂದ ಪದದ ಇತಿಹಾಸವನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ಹಿನ್ನೆಲೆ

ಬೈಬಲಿನಲ್ಲಿ ಬರುವ ನೋಹನ ಮಗನಾದ ಶೇಮ್‌ನ ಹೆಸರಿನಿಂದ 'ಸೆಮಿಟಿಕ್' ಎಂಬ ಪದ ನಿಷ್ಪನ್ನವಾಗಿದೆ. 1781ರಲ್ಲಿ ಜರ್ಮನ್ ವಿದ್ವಾಂಸ ಶ್ಲೋಟ್ಸರ್ ಇದನ್ನು ಹೀಬ್ರೂ, ಅರಬ್ಬಿ, ಅರಾಮಿಕ್ ಮೊದಲಾದ ಸಂಬಂಧಿ ಭಾಷೆಗಳಿಗೆ ಬಳಸಿದರು. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಅವರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಸಮಾನ ಮೂಲವನ್ನು ಸೂಚಿಸಿದರು. 1816ರಲ್ಲಿ ಮದರಾಸಿನಲ್ಲಿ ಎಲ್ಲಿಸ್ ಅವರು ದಕ್ಷಿಣ ಭಾರತದ ಭಾಷೆಗಳು ಪ್ರತ್ಯೇಕ ಕುಲಕ್ಕೆ ಸೇರಿದವು ಎಂದು ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ ಅವರ ತೌಲನಿಕ ವ್ಯಾಕರಣ ಪ್ರಕಟವಾಯಿತು. ಸೆಮಿಟಿಕ್, ಆರ್ಯ, ದ್ರಾವಿಡ ಈ ಮೂರೂ ಹೀಗೆ ಮೂಲತಃ ಭಾಷೆಗಳ ವರ್ಗೀಕರಣದಲ್ಲಿ ನೆಲೆ ಪಡೆದ ಹೆಸರುಗಳು.

ಆದರೆ ಭಾಷಾವರ್ಗದ ಹಿಂದೆ ಒಂದು ಜನಾಂಗವನ್ನು, ಆ ಜನಾಂಗದ ಹಿಂದೆ ಬದಲಾಗದ ಸ್ವಭಾವವೊಂದನ್ನು ಊಹಿಸುವ ಪ್ರವೃತ್ತಿ ಬೇಗನೆ ಬೆಳೆಯಿತು. ಫ್ರೆಂಚ್ ವಿದ್ವಾಂಸ ಅರ್ನೆಸ್ಟ್ ರೆನಾನ್ ಅವರು ಸೆಮಿಟಿಕ್ ಜನರ ಮನೋಧರ್ಮವನ್ನು ಆರ್ಯರದಕ್ಕಿಂತ ಕೀಳೆಂದು ಬರೆದರು. 1860ರಲ್ಲಿ ಯಹೂದಿ ವಿದ್ವಾಂಸ ಮೋರಿಟ್ಸ್ ಸ್ಟೈನ್‌ಶ್ನೈಡರ್ ಅವರು ಇಂತಹ ವಿಚಾರಗಳನ್ನು ಸೆಮಿಟಿಕ್-ವಿರೋಧಿ ಪೂರ್ವಗ್ರಹಗಳೆಂದು ಕರೆದರು. ಇಲ್ಲಿ ಗಮನಿಸಬೇಕಾದ ಅಂಶವಿದೆ. ಪೂರ್ವಗ್ರಹವನ್ನು ಖಂಡಿಸಲು ಬಳಕೆಯಾದ ಈ ಪದವನ್ನೇ ಎರಡು ದಶಕಗಳ ಅನಂತರ ಮಾರ್ ಮತ್ತು ಅವನ ಸಂಗಡಿಗರು ತಮ್ಮ ಹೆಮ್ಮೆಯ ಬಿರುದಾಗಿ ಧರಿಸಿದರು.

ಕ್ರಾಂತಿಕಾರಿಯಿಂದ ದ್ವೇಷಲೇಖಕನವರೆಗೆ

ವಿಲ್ಹೆಲ್ಮ್ ಮಾರ್ 1819ರ ನವೆಂಬರ್ 16ರಂದು ಮಾಗ್ಡೆಬುರ್ಗ್ ನಗರದಲ್ಲಿ ಜನಿಸಿದನು. ತಂದೆ ಹೈನ್ರಿಖ್ ಮಾರ್ ಹೆಸರಾಂತ ನಟ ಹಾಗೂ ರಂಗನಿರ್ದೇಶಕ. ಮಗ ವ್ಯಾಪಾರದ ತರಬೇತಿ ಪಡೆದು ಕೆಲಕಾಲ ವಿಯೆನ್ನಾದಲ್ಲಿ ನೌಕರಿ ಮಾಡಿದನು. 1841ರಲ್ಲಿ ಜ್ಯೂರಿಕ್‌ಗೆ ಹೋದಾಗ ಅಲ್ಲಿ ನೆಲೆಸಿದ್ದ ಜರ್ಮನ್ ರಾಜಕೀಯ ನಿರಾಶ್ರಿತರ ಸಂಪರ್ಕಕ್ಕೆ ಬಂದನು. ಅರಸೊತ್ತಿಗೆಯನ್ನೂ ಚರ್ಚನ್ನೂ ವಿರೋಧಿಸುವ ತೀವ್ರಗಾಮಿಯಾಗಿ, ಕುಶಲಕರ್ಮಿಗಳ ಗುಪ್ತ ಸಂಘಟನೆಯ ಮುಂದಾಳಾಗಿ ಅವನು ಬೆಳೆದುದು ಈ ಅವಧಿಯಲ್ಲಿ. 1843ರಲ್ಲಿ ಜ್ಯೂರಿಕ್‌ನಿಂದಲೂ 1845ರಲ್ಲಿ ಲೋಸಾನ್‌ನಿಂದಲೂ ಅವನನ್ನು ಹೊರಹಾಕಲಾಯಿತು. ಬಳಿಕ ಹ್ಯಾಂಬರ್ಗ್‌ನಲ್ಲಿ ನೆಲೆಸಿ 'ಮೆಫಿಸ್ಟೋಫೆಲಿಸ್' ಎಂಬ ವಿಡಂಬನ ಪತ್ರಿಕೆಯನ್ನು ನಡೆಸಿದನು.

1848ರ ಕ್ರಾಂತಿಯ ವೈಫಲ್ಯ ಅವನ ಬದುಕಿನ ತಿರುವು. ಪ್ರಜಾಪ್ರಭುತ್ವದ ಆಶಯ ಕೈಗೂಡದೆ ಹೋದಾಗ ಅವನು ಪ್ರಶ್ಯದ ನೇತೃತ್ವದ ಜರ್ಮನ್ ಏಕೀಕರಣದ ಕಡೆಗೆ ವಾಲಿದನು. 1852ರಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಕ್ಕೆ ಹೋಗಿ ವ್ಯಾಪಾರದಲ್ಲಿ ಅದೃಷ್ಟ ಅರಸಿದನು. ಅದೂ ಕೂಡಿಬರದೆ ಹ್ಯಾಂಬರ್ಗ್‌ಗೆ ಮರಳಿದನು. 1862ರಲ್ಲಿ ಪ್ರಕಟವಾದ 'ಯಹೂದಿ ದರ್ಪಣ'ದಲ್ಲಿ ಅವನ ಯಹೂದಿವಿರೋಧ ಮೊದಲ ಬಾರಿಗೆ ಪುಸ್ತಕರೂಪ ಪಡೆಯಿತು. ಅವನ ನಾಲ್ವರು ಪತ್ನಿಯರಲ್ಲಿ ಮೊದಲ ಮೂವರು ಪೂರ್ಣವಾಗಿಯೋ ಭಾಗಶಃವೋ ಯಹೂದಿ ಮೂಲದವರು ಎಂಬುದನ್ನು ಇತಿಹಾಸಕಾರ ಮೋಶೆ ಜಿಮ್ಮರ್‌ಮನ್ ಅವರು 1986ರ ಜೀವನಚರಿತ್ರೆಯಲ್ಲಿ ತೋರಿಸಿದ್ದಾರೆ. ಆದ್ದರಿಂದ ಅವನ ದ್ವೇಷವನ್ನು ಅಪರಿಚಯದಿಂದ ಹುಟ್ಟಿದ್ದೆಂದು ವಿವರಿಸುವಂತಿಲ್ಲ. ಸೋತ ರಾಜಕಾರಣ, ನೆಲೆಗೊಳ್ಳದ ಜೀವನೋಪಾಯ ಮತ್ತು ಕಾಲದ ಬದಲಾವಣೆಗೆ ಒಬ್ಬ ಹೊಣೆಗಾರನನ್ನು ಹುಡುಕುವ ಮನಸ್ಸು ಇಲ್ಲಿ ಒಟ್ಟುಗೂಡಿವೆ.

1879ರ ಪುಸ್ತಕ

1869ರಲ್ಲಿ ಉತ್ತರ ಜರ್ಮನ್ ಒಕ್ಕೂಟದಲ್ಲಿ ಧರ್ಮಭೇದವಿಲ್ಲದ ಸಮಾನ ನಾಗರಿಕ ಹಕ್ಕು ಜಾರಿಗೆ ಬಂದಿತು. 1871ರಲ್ಲಿ ಅದು ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ವಿಸ್ತರಿಸಿತು. 1873ರಲ್ಲಿ ಷೇರುಪೇಟೆ ಕುಸಿದು ಸಣ್ಣ ವ್ಯಾಪಾರಿಗಳೂ ಕುಶಲಕರ್ಮಿಗಳೂ ನಷ್ಟ ಅನುಭವಿಸಿದರು. ಒಟ್ಟೊ ಗ್ಲಾಗೌ ಎಂಬ ಇನ್ನೊಬ್ಬ ಪತ್ರಕರ್ತ ಜನಪ್ರಿಯ ಪತ್ರಿಕೆಯೊಂದರಲ್ಲಿ ಈ ನಷ್ಟದ ಹೊಣೆಯನ್ನು ಯಹೂದಿಗಳ ತಲೆಗೆ ಕಟ್ಟಿದನು. ಈ ವಾತಾವರಣದಲ್ಲಿ 1879ರಲ್ಲಿ ಮಾರ್‌ನ 'ಜರ್ಮನ್‌ತನದ ಮೇಲೆ ಯಹೂದಿತನದ ವಿಜಯ' ಎಂಬ ಕಿರುಪುಸ್ತಕ ಹೊರಬಂದಿತು. ಅದೇ ವರ್ಷ ಹನ್ನೆರಡು ಮುದ್ರಣಗಳನ್ನು ಕಂಡಿತು.

ಈ ಕೃತಿಯ ಎರಡು ತಂತ್ರಗಳು ಗಮನಾರ್ಹ. ಮೊದಲನೆಯದು, ಬಹುಸಂಖ್ಯಾತರನ್ನೇ ಸೋತವರನ್ನಾಗಿ ಚಿತ್ರಿಸುವುದು. ಆಗ ಜರ್ಮನಿಯ ಜನಸಂಖ್ಯೆಯಲ್ಲಿ ಯಹೂದಿಗಳ ಪ್ರಮಾಣ ಶೇಕಡ 1ಕ್ಕಿಂತ ತುಸು ಹೆಚ್ಚು ಮಾತ್ರ. ಆದರೂ ಯಹೂದಿಗಳು ಗೆದ್ದಾಗಿದೆ, ಜರ್ಮನರು ಅಳಿಯುತ್ತಿದ್ದಾರೆ ಎಂದು ಮಾರ್ ವಿಷಾದದ ಧ್ವನಿಯಲ್ಲಿ ಬರೆದನು. ಭಯಗೊಂಡ ಓದುಗನಿಗೆ ದ್ವೇಷವು ಆತ್ಮರಕ್ಷಣೆಯಂತೆ ತೋರುತ್ತದೆ. ಎರಡನೆಯದು, ಉಪಶೀರ್ಷಿಕೆಯಲ್ಲಿಯೇ ಇದು ಧಾರ್ಮಿಕವಲ್ಲದ ದೃಷ್ಟಿಯ ಬರಹ ಎಂದು ಸಾರಿದುದು. ಧರ್ಮದ್ವೇಷವನ್ನು ಮಧ್ಯಯುಗದ ಅಜ್ಞಾನವೆಂದು ತಿರಸ್ಕರಿಸುತ್ತಲೇ ಅದರ ಸ್ಥಾನದಲ್ಲಿ ಜನಾಂಗದ ಕಲ್ಪನೆಯನ್ನು ಅವನು ಪ್ರತಿಷ್ಠಾಪಿಸಿದನು.

ಈ ವ್ಯತ್ಯಾಸವನ್ನು ಕನ್ನಡದ ಓದುಗರು ಇನ್ನೊಬ್ಬ ಜರ್ಮನ್ ಪತ್ರಕರ್ತನ ಹೋಲಿಕೆಯಿಂದ ಗ್ರಹಿಸಬಹುದು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಮರುವರ್ಷ ಆ ಪತ್ರಿಕೆ ಕೊಪ್ಪಳಕ್ಕೆ ಸಮೀಪದ ಬಳ್ಳಾರಿಯಿಂದ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಹೊರಟಿತು. ಮಿಷನರಿ ಬರಹಗಳಲ್ಲಿ ಈ ನಾಡಿನ ಧರ್ಮಗಳ ಬಗ್ಗೆ ಕಟುವಾದ ಟೀಕೆಯಿದೆ. ಆದರೆ ಕೇಳುವವನು ಬದಲಾಗಬಲ್ಲ ಎಂಬ ನಂಬಿಕೆ ಆ ಟೀಕೆಯ ತಳದಲ್ಲಿದೆ. ಮಾರ್‌ನ ವಾದದಲ್ಲಿ ಆ ಬಾಗಿಲೂ ಮುಚ್ಚಿದೆ. ಯಹೂದಿಯು ಮತಾಂತರ ಹೊಂದಿದರೂ, ಜರ್ಮನ್ ಭಾಷೆಯಲ್ಲಿಯೇ ಬದುಕಿದರೂ ಅವನ ರಕ್ತ ಬದಲಾಗದು ಎಂಬುದು ಅದರ ಸಾರ. ಹುಟ್ಟಿನಿಂದಲೇ ಮನುಷ್ಯನ ಬೆಲೆ ಕಟ್ಟುವ ಕ್ರಮವನ್ನು ಹನ್ನೆರಡನೆಯ ಶತಮಾನದ ವಚನಕಾರರು ಪ್ರಶ್ನಿಸಿದ್ದರು. ಅದೇ ಕ್ರಮ ಇಲ್ಲಿ ವಿಜ್ಞಾನದ ವೇಷದಲ್ಲಿ ಮರಳಿ ಬಂದಿದೆ.

ಪದದ ಪ್ರಸಾರ ಮತ್ತು ಪ್ರತಿರೋಧ

1879ರಲ್ಲಿಯೇ ಬರ್ಲಿನ್‌ನಲ್ಲಿ ಮಾರ್‌ನ ಮುಂದಾಳತ್ವದಲ್ಲಿ ಸೆಮಿಟಿಕ್-ವಿರೋಧಿ ಸಂಘ ಸ್ಥಾಪನೆಯಾಯಿತು. ಸಂಘ ಬಹುಕಾಲ ಬಾಳಲಿಲ್ಲ. ಅದರ ಹೆಸರಿನಲ್ಲಿದ್ದ 'ಆಂಟಿಸೆಮಿಟ್' ಎಂಬ ಪದ ಉಳಿಯಿತು. ಅರಬ್ಬರೂ ಸೆಮಿಟಿಕ್ ಭಾಷಿಕರು, ಆದರೆ ಈ ಪದ ಅವರನ್ನು ಕುರಿತದ್ದಲ್ಲ. ಜರ್ಮನಿಯ ಬಹುಪಾಲು ಯಹೂದಿಗಳು ಆಡುತ್ತಿದ್ದುದು ಸೆಮಿಟಿಕ್ ಭಾಷೆಯನ್ನಲ್ಲ, ಜರ್ಮನ್ ಭಾಷೆಯನ್ನು. ಆದರೂ ಗುರಿ ಅವರೇ. ಹಳೆಯ ದ್ವೇಷಕ್ಕೆ ಶಾಸ್ತ್ರೀಯ ಗಾಂಭೀರ್ಯ ತಂದುಕೊಡುವುದೇ ಪದದ ಕೆಲಸವಾಗಿತ್ತು. ಅದೇ ವರ್ಷ ಇತಿಹಾಸಕಾರ ಟ್ರೈಟ್ಶ್‌ಕೆ ಅವರ ಲೇಖನದಿಂದ ಈ ವಿಚಾರಕ್ಕೆ ವಿಶ್ವವಿದ್ಯಾಲಯದ ವಲಯದಲ್ಲಿಯೂ ಮಾನ್ಯತೆ ದೊರೆಯಿತು. ಯಹೂದಿಗಳ ಹಕ್ಕು ಮೊಟಕುಗೊಳಿಸಬೇಕೆಂಬ ಮನವಿಗೆ ಸುಮಾರು ಎರಡೂವರೆ ಲಕ್ಷ ಸಹಿ ಸಂಗ್ರಹವಾಗಿ 1881ರಲ್ಲಿ ಬಿಸ್ಮಾರ್ಕ್‌ಗೆ ಸಲ್ಲಿಕೆಯಾಯಿತು.

ವಿದ್ವಾಂಸರೆಲ್ಲರೂ ಸುಮ್ಮನಿರಲಿಲ್ಲ. 1880ರಲ್ಲಿ ಇತಿಹಾಸಕಾರ ಮಾಮ್‌ಸೆನ್, ವೈದ್ಯವಿಜ್ಞಾನಿ ವಿರ್ಚೊ ಮೊದಲಾದವರು ಈ ಚಳವಳಿಯನ್ನು ಖಂಡಿಸಿ ಬಹಿರಂಗ ಹೇಳಿಕೆಗೆ ಸಹಿ ಹಾಕಿದರು. ವಿರ್ಚೊ ಅವರು 60 ಲಕ್ಷಕ್ಕೂ ಹೆಚ್ಚು ಶಾಲಾಮಕ್ಕಳ ಕೂದಲು, ಕಣ್ಣು ಮತ್ತು ಚರ್ಮದ ಬಣ್ಣದ ಸಮೀಕ್ಷೆ ನಡೆಸಿ, 1886ರಲ್ಲಿ ಫಲಿತಾಂಶ ಪ್ರಕಟಿಸಿದರು; ಶುದ್ಧ ಜನಾಂಗದ ಕಲ್ಪನೆಗೆ ಅದರಲ್ಲಿ ಆಧಾರ ಸಿಗಲಿಲ್ಲ. 1888ರಲ್ಲಿ ಮ್ಯಾಕ್ಸ್ ಮುಲ್ಲರ್ ಅವರು ಆರ್ಯ ಎಂಬುದು ಭಾಷೆಗೆ ಮಾತ್ರ ಸಲ್ಲುವ ಹೆಸರು, ರಕ್ತಕ್ಕಾಗಲಿ ತಲೆಬುರುಡೆಗಾಗಲಿ ಸಲ್ಲದು ಎಂದು ಸ್ಪಷ್ಟಪಡಿಸಿದರು. ಆದರೆ ವಿದ್ವತ್ತಿನ ತಿದ್ದುಪಡಿಗಿಂತ ಘೋಷಣೆಯ ವೇಗ ಹೆಚ್ಚಾಗಿತ್ತು. 1893ರ ಚುನಾವಣೆಯಲ್ಲಿ ಯಹೂದಿವಿರೋಧಿ ಪಕ್ಷಗಳು ಜರ್ಮನ್ ಸಂಸತ್ತಿನಲ್ಲಿ 16 ಸ್ಥಾನಗಳನ್ನು ಪಡೆದವು.

ಕೊನೆಗಾಲದ ಬರಹ

ಹೊಸ ಪೀಳಿಗೆಯ ದ್ವೇಷರಾಜಕಾರಣಿಗಳು ಮಾರ್‌ನನ್ನು ಮೂಲೆಗೆ ಸರಿಸಿದರು. 1891ರಲ್ಲಿ ಅವನು 'ಒಬ್ಬ ಯಹೂದಿವಿರೋಧಿಯ ಮರಣಶಾಸನ' ಎಂಬ ಬರಹ ಸಿದ್ಧಪಡಿಸಿದನು. ಚಳವಳಿ ವ್ಯಾಪಾರವಾಗಿದೆ, ಸಮಾಜದ ಸಂಕಟಗಳಿಗೆ ಕಾರಣ ಯಹೂದಿಗಳಲ್ಲ, ಕೈಗಾರಿಕೀಕರಣ ತಂದ ಪಲ್ಲಟಗಳು ಎಂದು ಅದರಲ್ಲಿ ಒಪ್ಪಿಕೊಂಡು ಕ್ಷಮೆ ಯಾಚಿಸಿದನು. ಆದರೆ ಆ ಬರಹ ಅವನ ಜೀವಿತಕಾಲದಲ್ಲಿ ಪ್ರಕಟವಾಗಲಿಲ್ಲ. 1904ರ ಜುಲೈ 17ರಂದು ಅವನು ಹ್ಯಾಂಬರ್ಗ್‌ನಲ್ಲಿ ತೀರಿಕೊಂಡನು. ಹನ್ನೆರಡು ಮುದ್ರಣ ಕಂಡ ಸುಳ್ಳು ಸಾರ್ವಜನಿಕವಾಗಿ ಉಳಿಯಿತು. ತಪ್ಪೊಪ್ಪಿಗೆ ಹಸ್ತಪ್ರತಿಯಾಗಿ ಉಳಿಯಿತು.

1935ರಲ್ಲಿ ನಾತ್ಸಿ ಆಡಳಿತ ನ್ಯೂರೆಂಬರ್ಗ್ ಕಾನೂನುಗಳನ್ನು ತಂದಾಗ ಮಾರ್‌ನ ವಾದದ ಪೊಳ್ಳುತನ ಮತ್ತೊಮ್ಮೆ ಬಯಲಾಯಿತು. ರಕ್ತದಲ್ಲಿ ಜನಾಂಗವನ್ನು ಗುರುತಿಸುವ ಉಪಾಯ ಯಾರಲ್ಲಿಯೂ ಇರಲಿಲ್ಲ. ಆದ್ದರಿಂದ ಒಬ್ಬನ ಅಜ್ಜ-ಅಜ್ಜಿಯರು ಯಾವ ಧಾರ್ಮಿಕ ಸಮುದಾಯಕ್ಕೆ ಸೇರಿದ್ದರೆಂಬುದನ್ನೇ ಕಾನೂನು ಆಧಾರವಾಗಿ ಹಿಡಿಯಿತು. ಧರ್ಮವನ್ನು ಬಿಟ್ಟು ಜನಾಂಗವನ್ನು ಹಿಡಿದೆವೆಂದವರು ಕೊನೆಗೆ ಧರ್ಮದ ದಾಖಲೆಯನ್ನೇ ಹುಡುಕಬೇಕಾಯಿತು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಸುಮಾರು 60 ಲಕ್ಷ ಯಹೂದಿಗಳ ಹತ್ಯೆ ನಡೆಯಿತು. ಮಾರ್ ಒಬ್ಬನೇ ಇದಕ್ಕೆ ಕಾರಣನೆನ್ನಲಾಗದು. ಆದರೆ ಕೊಲೆಗೆ ಮುನ್ನ ಬೇಕಾದ ಭಾಷೆಯನ್ನು ಸಿದ್ಧಪಡಿಸಿದವರಲ್ಲಿ ಅವನೂ ಒಬ್ಬ.

ಕನ್ನಡದ ನೆಲೆಯಿಂದ

ಈ ಚರಿತ್ರೆ ಕನ್ನಡ ಅಧ್ಯಯನಕ್ಕೆ ಹೊರಗಿನದಲ್ಲ. ಕೊಪ್ಪಳ ಸೀಮೆಯು 1948ರವರೆಗೆ ನಿಜಾಮ ಸಂಸ್ಥಾನದ ಭಾಗವಾಗಿತ್ತು. ರಜಾಕಾರರ ಪ್ರಚೋದಕ ಭಾಷಣಗಳು ಹಿಂಸೆಯಾಗಿ ಮಾರ್ಪಟ್ಟುದನ್ನೂ, ಪೊಲೀಸ್ ಕಾರ್ಯಾಚರಣೆಯ ಅನಂತರ ಸಂಸ್ಥಾನದ ಹಲವೆಡೆ ಸಾಮಾನ್ಯ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡುದನ್ನೂ ಆ ತಲೆಮಾರು ಕಂಡಿತ್ತು. ಅದೇ ಸಂಸ್ಥಾನದಲ್ಲಿ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರು ರಜಾಕಾರರನ್ನು ಟೀಕಿಸಿ ಬರೆದುದಕ್ಕಾಗಿ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ಪತ್ರಿಕಾವೃತ್ತಿ ದ್ವೇಷಕ್ಕೆ ಪದ ಒದಗಿಸಬಲ್ಲದು, ಅದನ್ನು ಎದುರಿಸಿ ಪ್ರಾಣವನ್ನೂ ತೆರಬಲ್ಲದು.

ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗವು ಕನ್ನಡದ ತಿರುಳು ಪ್ರದೇಶವನ್ನು ಗುರುತಿಸುವಾಗ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸುತ್ತದೆ. ಅನ್ಯರ ವಿಚಾರವನ್ನೂ ಅನ್ಯರ ಧರ್ಮವನ್ನೂ ಸೈರಿಸಬಲ್ಲ ಗುಣವೇ ನಿಜವಾದ ಸಂಪತ್ತೆಂಬ ಆಶಯವೂ ಅದೇ ಕೃತಿಯಲ್ಲಿದೆ. ಆ ಕೃತಿಯಲ್ಲಿ ನಾಡಿನ ಗುರುತು ಭಾಷೆ ಮತ್ತು ಪ್ರದೇಶದಿಂದ ಬರುತ್ತದೆ, ರಕ್ತದಿಂದಲ್ಲ. ಆರ್ಯ, ದ್ರಾವಿಡ ಎಂಬ ಪದಗಳು ಇಂದಿನ ಕನ್ನಡ ಬರಹಗಳಲ್ಲಿಯೂ ಆಗಾಗ ಭಾಷೆಯ ಎಲ್ಲೆ ದಾಟಿ ಜನರ ಮೈಗಂಟಿದ ಗುಣವೆಂಬಂತೆ ಬಳಕೆಯಾಗುತ್ತವೆ. ಅಂತಹ ಬಳಕೆ ಎದುರಾದಾಗ, ಅಲ್ಲಿ ಹೇಳುತ್ತಿರುವುದು ಭಾಷೆಯ ವಿಷಯವೋ ಮನುಷ್ಯನ ಹುಟ್ಟಿನ ವಿಷಯವೋ ಎಂದು ಕೇಳುವುದು ಭಾಷಾ ಅಧ್ಯಯನಕಾರರ ಕರ್ತವ್ಯ. ಜರ್ಮನಿಯಲ್ಲಿ ಆ ಪ್ರಶ್ನೆಯನ್ನು ಕೇಳಿದವರಿದ್ದರು, ಕೇಳಿಸಿಕೊಂಡವರು ಸಾಲಲಿಲ್ಲ.